ರಿಪೋರ್ಟ್‌ನಲ್ಲಿರುವ ಆ ವಯಸ್ಸು ನಿಮ್ಮದಲ್ಲ

ಹೋದ ತಿಂಗಳು ಒಬ್ಬ ಮೇಷ್ಟ್ರು ಬಂದಿದ್ದರು. ವಯಸ್ಸು 44. ಕೂತ ತಕ್ಷಣ ಚೀಲದಿಂದ ಒಂದು ರಿಪೋರ್ಟ್ ತೆಗೆದು ಮೇಜಿನ ಮೇಲಿಟ್ಟರು. ಹಸಿರಿನಿಂದ ಕೆಂಪಿಗೆ ತಿರುಗುವ ಒಂದು ಪಟ್ಟಿ, ಕೆಂಪಿನ ಹತ್ತಿರ ಒಂದು ಬಾಣ, ಕೆಳಗೆ ದಪ್ಪ ಅಕ್ಷರದಲ್ಲಿ "ನಿಮ್ಮ ಕೋಶಗಳ ವಯಸ್ಸು: 58".

"ಡಾಕ್ಟ್ರೇ, ನನಗಿನ್ನು ಎಷ್ಟು ವರ್ಷ ಉಳಿದಿದೆ ಅಂತ ನೇರವಾಗಿ ಹೇಳಿಬಿಡಿ. ಮಗಳಿನ್ನೂ ಎಂಟನೇ ಕ್ಲಾಸು."

ನಾನು ರಕ್ತರೋಗಗಳ ವೈದ್ಯೆ. ಟೆಲೊಮಿಯರ್, ಅಂದರೆ ಕ್ರೋಮೋಸೋಮಿನ ತುದಿಯ ಭಾಗ, ಎಷ್ಟು ಉದ್ದ ಇದೆ ಅಂತ ಅಳೆದು ಈ ವಯಸ್ಸು ಬರೆಯುತ್ತಾರೆ. ಟೆಲೊಮಿಯರ್ ಪರೀಕ್ಷೆ ನಮ್ಮ ಕೆಲಸದಲ್ಲಿ ಬೇಕಾಗುತ್ತದೆ. ಹಾಗಾಗಿ ಇಂಥ ರಿಪೋರ್ಟ್ ಹಿಡಿದವರನ್ನು ನನ್ನ ಹತ್ತಿರ ಕಳಿಸುತ್ತಾರೆ. ಈ ಪ್ರಶ್ನೆ ನನಗೆ ಹೊಸದಲ್ಲ. ಆದರೂ ಪ್ರತಿ ಸಲ ಹೊಟ್ಟೆ ಉರಿಯುತ್ತದೆ. ಚೆನ್ನಾಗಿ ಓಡಾಡಿಕೊಂಡಿದ್ದ ಮನುಷ್ಯ ಒಂದು ಕಾಗದ ನೋಡಿ ಮೂರು ವಾರ ನಿದ್ದೆ ಬಿಟ್ಟಿದ್ದಾರೆ. ಮಾತಾಡುತ್ತಾ ಇನ್ನೊಂದು ವಿಷಯ ಹೊರಬಂತು. ಇದಕ್ಕೂ ಮುಂಚೆ ಬೇರೆ ಕಡೆ ಇದೇ ಪರೀಕ್ಷೆ ಮಾಡಿಸಿದ್ದರಂತೆ. ಅಲ್ಲಿ 39 ಅಂತ ಬಂದಿತ್ತು. "ಅದು ಸರಿ ಇರಲಿಕ್ಕಿಲ್ಲ ಅಂತ ಬಿಸಾಕಿದೆ" ಅಂದರು. ಒಳ್ಳೆಯ ಸುದ್ದಿಯನ್ನು ಬಿಸಾಕಿ, ಕೆಟ್ಟದ್ದನ್ನು ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬಂದಿದ್ದರು.

ಇವರೆಲ್ಲರ ತಲೆಯಲ್ಲೂ ಒಂದೇ ಚಿತ್ರ ಇರುತ್ತದೆ. ಟೆಲೊಮಿಯರ್ ಅಂದರೆ ಮೇಣದ ಬತ್ತಿ. ಹುಟ್ಟುವಾಗ ಉದ್ದ ಇತ್ತು, ಉರಿಯುತ್ತಾ ಸಣ್ಣದಾಗುತ್ತಿದೆ, ಎಷ್ಟು ಉಳಿದಿದೆಯೋ ಅಷ್ಟೇ ಆಯಸ್ಸು. ಈ ಚಿತ್ರ ಅರ್ಧ ನಿಜ. ಅದಕ್ಕೇ ಅದನ್ನು ತಲೆಯಿಂದ ಕೀಳುವುದು ಕಷ್ಟ.

ಕ್ರೋಮೋಸೋಮ್ ಅಂದರೇನು, ಡಿಎನ್‌ಎ ಅಂದರೇನು ಅಂತ ಶುರುವಿನಿಂದ ಹೇಳುತ್ತಾ ಕೂರುವುದಿಲ್ಲ. ಶಾಲೆಯಲ್ಲಿ ಓದಿರುತ್ತೀರಿ. ನಮ್ಮ ಒಂದೊಂದು ಕೋಶದಲ್ಲೂ 46 ಕ್ರೋಮೋಸೋಮ್‌ಗಳು. ಒಂದೊಂದಕ್ಕೂ ಎರಡು ತುದಿ. ಒಟ್ಟು 92 ತುದಿಗಳು. ಈ 92 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಪ್ರತಿ ತುದಿಯಲ್ಲೂ ಟಿ-ಟಿ-ಎ-ಜಿ-ಜಿ-ಜಿ ಅನ್ನುವ ಆರು ಅಕ್ಷರಗಳು ಸಾವಿರಕ್ಕೂ ಹೆಚ್ಚು ಸಲ ಮತ್ತೆ ಮತ್ತೆ ಬರುತ್ತವೆ. ಇದೇ ಟೆಲೊಮಿಯರ್.

ಇದರ ಕೆಲಸ ಏನು? 1930ರ ದಶಕದಲ್ಲಿ ಹರ್ಮನ್ ಮುಲ್ಲರ್ ಹಣ್ಣಿನ ನೊಣಗಳಿಗೆ ಎಕ್ಸ್‌ರೇ ಹಾಯಿಸಿ ಕ್ರೋಮೋಸೋಮ್‌ಗಳನ್ನು ಮುರಿಯುತ್ತಿದ್ದರು. ಬಾರ್ಬರಾ ಮೆಕ್ಲಿಂಟಾಕ್ ಜೋಳದ ಗಿಡದಲ್ಲಿ ಮುರಿದ ಕ್ರೋಮೋಸೋಮ್‌ಗಳನ್ನು ನೋಡುತ್ತಿದ್ದರು. ಇಬ್ಬರೂ ಒಂದೇ ವಿಷಯ ಗಮನಿಸಿದರು. ಮುರಿದ ತುದಿ ಅಂಟು ಹಚ್ಚಿದ ಹಾಗೆ. ಸಿಕ್ಕ ಇನ್ನೊಂದು ಮುರಿದ ತುದಿಗೆ ಹೋಗಿ ಅಂಟಿಕೊಳ್ಳುತ್ತದೆ. ಆದರೆ ಹುಟ್ಟಿನಿಂದ ಇರುವ ತುದಿ ಯಾವುದಕ್ಕೂ ಅಂಟುವುದಿಲ್ಲ. 1938ರಲ್ಲಿ ಮುಲ್ಲರ್ ಅದಕ್ಕೆ ಟೆಲೊಮಿಯರ್ ಅಂತ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಕೊನೆಯ ಭಾಗ ಅಂತ ಅರ್ಥ.

ಕೋಶಕ್ಕೆ ಡಿಎನ್‌ಎ ತುಂಡಾಗುವುದೆಂದರೆ ಮನೆಗೆ ಬೆಂಕಿ ಬಿದ್ದ ಹಾಗೆ. ತುಂಡಾದ ತುದಿ ಕಂಡ ಕೂಡಲೇ ಎಲ್ಲ ಕೆಲಸ ನಿಲ್ಲಿಸಿ ರಿಪೇರಿಗೆ ಓಡುತ್ತದೆ. ಹಾಗಿರುವಾಗ ಸಹಜವಾದ 92 ತುದಿಗಳನ್ನೂ ತುಂಡಾದದ್ದು ಅಂತ ಅಂದುಕೊಂಡರೆ ಗತಿಯೇನು? "ಇದು ಮುರಿದದ್ದಲ್ಲ, ಇಲ್ಲಿಗೇ ಮುಗಿಯುವುದು" ಅಂತ ಹೇಳುವುದೇ ಟೆಲೊಮಿಯರ್‌ನ ಕೆಲಸ. ಅದು ಹೇಗೆ ಹೇಳುತ್ತದೆ ಅನ್ನುವುದು 1999ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೇ ಬಿತ್ತು. ತುದಿಯ ಒಂಟಿ ಎಳೆ ಹಿಂದಕ್ಕೆ ಬಾಗಿ, ತನ್ನದೇ ಜೋಡಿ ಎಳೆಗಳ ನಡುವೆ ನುಸುಳಿ, ಒಂದು ಕುಣಿಕೆ ಹಾಕಿಕೊಂಡಿರುತ್ತದೆ. ಅದರ ಮೈಮೇಲೆ ಆರು ಬಗೆಯ ಪ್ರೋಟೀನ್‌ಗಳು ಕಾವಲು ಕೂತಿರುತ್ತವೆ. ತುದಿಯೇ ಹೊರಗೆ ಕಾಣುವುದಿಲ್ಲ. ಹಾಗಾಗಿ ರಿಪೇರಿಯವರು ಆ ಕಡೆ ತಿರುಗಿ ನೋಡುವುದಿಲ್ಲ.

ಇನ್ನು ಇದು ಯಾಕೆ ಸವೆಯುತ್ತದೆ ಅನ್ನುವುದು. ಇದಕ್ಕೊಂದು ಕಥೆ ಇದೆ, ನನಗೆ ಬಹಳ ಇಷ್ಟ. 1966ರಲ್ಲಿ ಅಲೆಕ್ಸೈ ಒಲೊವ್ನಿಕೊವ್ ಅನ್ನುವ ರಷ್ಯಾದ ವಿಜ್ಞಾನಿ ಮಾಸ್ಕೋದಲ್ಲಿ ಒಂದು ಉಪನ್ಯಾಸ ಕೇಳಿದರು. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯನ ಕೋಶಗಳು ಒಂದು ಮಿತಿಯಾದ ಮೇಲೆ ವಿಭಜನೆ ನಿಲ್ಲಿಸುತ್ತವೆ ಅನ್ನುವುದು ವಿಷಯ. ಅದನ್ನೇ ಯೋಚಿಸುತ್ತಾ ಮೆಟ್ರೋ ಸ್ಟೇಷನ್ನಿಗೆ ಬಂದರು. ರೈಲು ಬಂದು ನಿಂತಿತು. ರೈಲನ್ನು ಡಿಎನ್‌ಎ ನಕಲು ಮಾಡುವ ಯಂತ್ರ ಅಂತಲೂ, ಹಳಿಯನ್ನು ಡಿಎನ್‌ಎ ಅಂತಲೂ ಕಲ್ಪಿಸಿಕೊಂಡರು. ಯಂತ್ರ ತಾನು ನಿಂತಿರುವ ಜಾಗದ ಹಳಿಯನ್ನು ನಕಲು ಮಾಡುವುದು ಹೇಗೆ? ಆ ತುಂಡು ಪ್ರತಿ ಸಲ ಬಿಟ್ಟುಹೋಗಬೇಕು. 1971ರಲ್ಲಿ ಅವರು ಇದನ್ನು ಪ್ರಕಟಿಸಿದರು. 1972ರಲ್ಲಿ ಜೇಮ್ಸ್ ವಾಟ್ಸನ್ ತಮ್ಮದೇ ದಾರಿಯಲ್ಲಿ ಇದೇ ತೊಡಕನ್ನು ಬರೆದರು.

ಒಳಗಿನ ವಿವರ ಸ್ವಲ್ಪ ಬೇರೆ. ನಕಲು ಮಾಡುವ ಕಿಣ್ವ ಬರೀ ಜಾಗದಲ್ಲಿ ಶುರು ಮಾಡಲಾರದು. ಅದಕ್ಕೆ ಮೊದಲು ಆರ್‌ಎನ್‌ಎಯ ಒಂದು ಸಣ್ಣ ತುಂಡು ಆಸರೆಯಾಗಿ ಬೇಕು. ಕೆಲಸ ಮುಗಿದ ಮೇಲೆ ಕೋಶ ಆ ಆಸರೆ ಕಿತ್ತುಹಾಕಿ ಖಾಲಿ ಜಾಗ ತುಂಬುತ್ತದೆ. ತೀರಾ ತುದಿಯಲ್ಲಿ ಮಾತ್ರ ತುಂಬಲಿಕ್ಕೆ ಆಚೆ ಕಡೆ ಏನೂ ಇಲ್ಲ. ಅದರ ಜೊತೆಗೆ ಕುಣಿಕೆಗೆ ಒಂಟಿ ಎಳೆ ಬೇಕಲ್ಲ, ಅದಕ್ಕಾಗಿ ಇನ್ನಷ್ಟು ಕತ್ತರಿ ಬೀಳುತ್ತದೆ. ಹೀಗೆ ಪ್ರಯೋಗಾಲಯದ ಕೋಶದಲ್ಲಿ ಒಂದು ವಿಭಜನೆಗೆ ಸುಮಾರು 50ರಿಂದ 200 ಅಕ್ಷರ ಹೋಗುತ್ತದೆ.

ಕೋಶ ಇಷ್ಟೇ ಸಲ ವಿಭಜನೆಯಾಗುತ್ತದೆ ಅನ್ನುವ ಆ ಮಿತಿ ಕಂಡುಹಿಡಿದವರು ಲಿಯೊನಾರ್ಡ್ ಹೇಫ್ಲಿಕ್. ಅವರಿಗಿಂತ ಮೊದಲು ಎಲ್ಲರೂ ಅಲೆಕ್ಸಿಸ್ ಕ್ಯಾರೆಲ್ ಮಾತನ್ನು ನಂಬಿದ್ದರು. ಕ್ಯಾರೆಲ್ 1912ರಲ್ಲಿ ಕೋಳಿ ಭ್ರೂಣದ ಹೃದಯದ ಕೋಶಗಳನ್ನು ಬೆಳೆಸಲು ಶುರು ಮಾಡಿದ್ದು, ಅವು 34 ವರ್ಷ ಬೆಳೆಯುತ್ತಲೇ ಇದ್ದವು. ಹಾಗಾದರೆ ಕೋಶಕ್ಕೆ ಸಾವಿಲ್ಲ ಅಂತ ಪುಸ್ತಕಗಳಲ್ಲಿ ಬರೆದುಬಿಟ್ಟರು. ಬೇರೆಯವರ ಕೋಶಗಳು ನಿಂತುಹೋದರೆ ಅದು ಅವರ ಕೈಗುಣ ಅಂತ ಬೈಸಿಕೊಳ್ಳುತ್ತಿದ್ದರು. ಕ್ಯಾರೆಲ್ ಹಾಕುತ್ತಿದ್ದ ಭ್ರೂಣದ ರಸದ ಜೊತೆ ಹೊಸ ಕೋಶಗಳೂ ಒಳಗೆ ಹೋಗುತ್ತಿದ್ದವು ಅನ್ನುವ ಅನುಮಾನ ಆಮೇಲೆ ಬಂತು.

1961ರಲ್ಲಿ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಫಿಲಡೆಲ್ಫಿಯಾದ ವಿಸ್ಟರ್ ಸಂಸ್ಥೆಯಲ್ಲಿ ಒಂದು ಚಂದದ ಪ್ರಯೋಗ ಮಾಡಿದರು. ಗಂಡಿನಿಂದ ತೆಗೆದು ಆಗಲೇ ಸುಮಾರು 40 ಸಲ ವಿಭಜನೆಯಾದ ಕೋಶಗಳು, ಹೆಣ್ಣಿನಿಂದ ತೆಗೆದು 10 ಸಲ ಮಾತ್ರ ಆದ ಕೋಶಗಳು. ಎರಡನ್ನೂ ಒಂದೇ ಸೀಸೆಯಲ್ಲಿ ಬೆರೆಸಿದರು. ಒಂದೇ ದ್ರವ, ಒಂದೇ ಶಾಖ, ಒಂದೇ ಕೈ. ಸ್ವಲ್ಪ ಕಾಲದ ಮೇಲೆ ನೋಡಿದರೆ ಉಳಿದಿದ್ದು ಹೆಣ್ಣು ಕೋಶಗಳು ಮಾತ್ರ. ಕೈಗುಣವೇ ಕಾರಣವಾಗಿದ್ದರೆ ಎರಡೂ ನಿಲ್ಲಬೇಕಿತ್ತು, ಅಲ್ವಾ? ಲೆಕ್ಕ ಕೋಶದ ಒಳಗೇ ಇದೆ ಅಂತ ಆಯಿತು. ನಡುವೆ ಫ್ರೀಜ್ ಮಾಡಿಟ್ಟು ಮತ್ತೆ ಕರಗಿಸಿದರೂ ಕೋಶ ತನ್ನ ಎಣಿಕೆಯನ್ನು ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸುತ್ತದೆ.

ಹಾಗೆ ನಿಂತ ಕೋಶಗಳನ್ನು ನಾನು ವಿದ್ಯಾರ್ಥಿಯಾಗಿದ್ದಾಗ ವಾರಗಟ್ಟಲೆ ನೋಡಿದ್ದೇನೆ. ಎಳೆಯ ಕೋಶಗಳು ಸಪೂರ. ಒಂದೇ ದಿಕ್ಕಿಗೆ ಈಜುವ ಮೀನಿನ ಹಿಂಡಿನ ಹಾಗೆ ಸಾಲಾಗಿ ಹರಡಿರುತ್ತವೆ. ಮುದಿಯಾದವು ಹಾಗಿಲ್ಲ. ಅಗಲವಾಗಿ, ಚಪ್ಪಟೆಯಾಗಿ, ಒಂದೊಂದೂ ಬೇರೆ ಬೇರೆ ಆಕಾರದಲ್ಲಿ ಕಾಲು ಚಾಚಿ ಮಲಗಿರುತ್ತವೆ. ಒಂದು ನೀಲಿ ಬಣ್ಣದ ಪರೀಕ್ಷೆ ಇದೆ, ಹಾಕಿದರೆ ಇವು ಮಾತ್ರ ನೀಲಿಯಾಗುತ್ತವೆ. ನನಗೆ ಆಶ್ಚರ್ಯವಾಗಿದ್ದು ಬೇರೆ. ಅವು ಸಾಯಲಿಲ್ಲ. ದ್ರವ ಬದಲಾಯಿಸುತ್ತಾ ಹೋದೆ, ತಿಂಗಳಾದರೂ ಹಾಗೇ ಇದ್ದವು. ವಿಭಜನೆ ಮಾತ್ರ ಇಲ್ಲ. ಸುಮ್ನೆ ಇರುತ್ತವೆ ಅಂತಲೂ ಅಲ್ಲ. ಉರಿಯೂತ ಎಬ್ಬಿಸುವ ರಾಸಾಯನಿಕಗಳನ್ನು ಸುತ್ತಲೂ ಬಿಡುತ್ತಿರುತ್ತವೆ. ವಯಸ್ಸಾದ ಮೈಯಲ್ಲಿ ಇಂಥವು ಜಾಸ್ತಿಯಾಗುವುದು ತೊಂದರೆ ಕೊಡುತ್ತದೆ ಅನ್ನುವುದಕ್ಕೆ ಇಲಿಗಳಲ್ಲಿ ಒಳ್ಳೆಯ ಆಧಾರ ಇದೆ. ಮನುಷ್ಯರಲ್ಲಿ ಅಷ್ಟು ಖಚಿತವಾಗಿ ನಾನು ಹೇಳುವುದಿಲ್ಲ.

ಈಗ ನಾನು ಪ್ರತಿಯೊಬ್ಬರಿಗೂ ಹೇಳಿ ಹೇಳಿ ಸಾಕಾದ ಮಾತಿಗೆ ಬರುತ್ತೇನೆ. ಕೋಶ ತನ್ನ ಟೆಲೊಮಿಯರ್ ಉದ್ದವನ್ನು ಅಳೆದು ವಯಸ್ಸು ಲೆಕ್ಕ ಹಾಕುವುದಿಲ್ಲ. ಅದು ನೋಡುವುದು ಒಂದೇ: ತುದಿ ಮುಚ್ಚಿದೆಯೋ, ತೆರೆದಿದೆಯೋ. ಎಂಟು ಸಾವಿರ ಅಕ್ಷರ ಇದ್ದರೂ ಮುಚ್ಚಿದ್ದೇ, ಐದು ಸಾವಿರ ಇದ್ದರೂ ಮುಚ್ಚಿದ್ದೇ. ಎರಡರಲ್ಲೂ ಕೋಶ ಒಂದೇ ರೀತಿ ಕೆಲಸ ಮಾಡುತ್ತದೆ. ಕಾವಲಿನ ಪ್ರೋಟೀನ್‌ಗಳಿಗೆ ಕೂರಲು ಜಾಗ ಸಾಲದಷ್ಟು, ಕುಣಿಕೆ ನಿಲ್ಲದಷ್ಟು ಸಣ್ಣದಾದಾಗ ಮಾತ್ರ ತುದಿ ತೆರೆಯುತ್ತದೆ. ಆಗ ಕೋಶ "ಡಿಎನ್‌ಎ ತುಂಡಾಯಿತು" ಅಂತ ಕೂಗೆಬ್ಬಿಸುತ್ತದೆ. ಪಿ53 ಅನ್ನುವ ಪ್ರೋಟೀನ್ ಎದ್ದು ವಿಭಜನೆಗೆ ಬೀಗ ಹಾಕುತ್ತದೆ.

ಇದಕ್ಕೆ 92 ತುದಿಗಳೂ ಸವೆಯಬೇಕಿಲ್ಲ. ಒಂದು ಕೋಶದೊಳಗೇ ಆ 92ರಲ್ಲಿ ಕೆಲವು ಉದ್ದ, ಕೆಲವು ಗಿಡ್ಡ. ಎಲ್ಲಕ್ಕಿಂತ ಗಿಡ್ಡವಾದ ಕೆಲವೇ ತುದಿಗಳು ತೆರೆದುಕೊಂಡರೆ ಸಾಕು, ಕೋಶ ನಿಲ್ಲುತ್ತದೆ. ಉಳಿದವು ಎಷ್ಟೇ ಉದ್ದ ಇದ್ದರೂ ಲೆಕ್ಕಕ್ಕಿಲ್ಲ. ಮೇಷ್ಟ್ರ ರಿಪೋರ್ಟ್‌ನಲ್ಲಿದ್ದದ್ದು ಏನು? ಲಕ್ಷಾಂತರ ಬಿಳಿ ರಕ್ತಕಣಗಳನ್ನು ಒಟ್ಟಿಗೆ ಅರೆದು, ಪ್ರತಿಯೊಂದರ 92 ತುದಿಗಳನ್ನೂ ಕಲಸಿ ತೆಗೆದ ಸರಾಸರಿ. ಕೋಶ ನೋಡುವುದು ತೀರಾ ಗಿಡ್ಡವಾದದ್ದನ್ನು. ಕಾಗದ ತೋರಿಸುವುದು ಸರಾಸರಿಯನ್ನು. ತರಗತಿಯಲ್ಲಿ ಯಾರು ಫೇಲಾಗುತ್ತಾರೆ ಅಂತ ಸರಾಸರಿ ಅಂಕ ನೋಡಿ ಹೇಳಲಿಕ್ಕಾಗುತ್ತದೆಯೇ ಅಂತ ಮೇಷ್ಟ್ರನ್ನು ಕೇಳಿದೆ. ಅವರು ಮೊದಲ ಬಾರಿ ಕುರ್ಚಿಗೆ ಬೆನ್ನು ಒರಗಿಸಿ ಕೂತರು.

ಇನ್ನೂ ಒಂದು ಲೆಕ್ಕ ಮಾಡೋಣ, ಕೈಯಲ್ಲೇ ಆಗುವಂಥದ್ದು. ದೊಡ್ಡವರ ಬಿಳಿ ರಕ್ತಕಣಗಳಲ್ಲಿ ಟೆಲೊಮಿಯರ್ ವರ್ಷಕ್ಕೆ ಹತ್ತಿರಹತ್ತಿರ 25 ಅಕ್ಷರ ಕಡಿಮೆಯಾಗುತ್ತದೆ ಅಂತ ಇಟ್ಟುಕೊಳ್ಳಿ. ಹುಟ್ಟುವಾಗ ಒಂದೊಂದು ತುದಿಯಲ್ಲಿ ಸರಾಸರಿ ಸುಮಾರು 10 ಸಾವಿರ. ಆದರೆ ಎಲ್ಲ ಮಕ್ಕಳಲ್ಲೂ ಒಂದೇ ಸಮ ಇರುವುದಿಲ್ಲ. ಒಂದೇ ದಿನ ಹುಟ್ಟಿದ ಎರಡು ಆರೋಗ್ಯವಂತ ಮಕ್ಕಳ ನಡುವೆ ಸಾವಿರ ಅಕ್ಷರದ ವ್ಯತ್ಯಾಸ ಇರುವುದು ಸಾಮಾನ್ಯ. ಸಾವಿರವನ್ನು 25ರಿಂದ ಭಾಗಿಸಿ. 40 ಬಂತು. ಅಂದರೆ ಆ ರಿಪೋರ್ಟ್‌ನ ಲೆಕ್ಕದಲ್ಲಿ ತೊಟ್ಟಿಲಲ್ಲಿರುವ ಒಂದು ಮಗು ಪಕ್ಕದ ಮಗುವಿಗಿಂತ 40 ವರ್ಷ ದೊಡ್ಡದು. ಹುಟ್ಟಿದ ದಿನವೇ!

ಹೆಂಗಸರಲ್ಲಿ ಸರಾಸರಿ ಗಂಡಸರಿಗಿಂತ ಉದ್ದ. ಅಪ್ಪನಿಗೆ ವಯಸ್ಸಾದ ಮೇಲೆ ಹುಟ್ಟಿದ ಮಕ್ಕಳಲ್ಲಿ ಸ್ವಲ್ಪ ಉದ್ದ, ಯಾಕೆಂದರೆ ವೀರ್ಯದ ಕೋಶಗಳಲ್ಲಿ ಅದು ವಯಸ್ಸಿನ ಜೊತೆ ಬೆಳೆಯುತ್ತದೆ. ಬಿಳಿ ರಕ್ತಕಣಗಳಲ್ಲೇ ನಾನಾ ಜಾತಿ, ಒಂದೊಂದರ ಉದ್ದ ಒಂದೊಂದು. ಜ್ವರ ಬಂದು ಹೋದ ವಾರ ಆ ಮಿಶ್ರಣವೇ ಬದಲಾಗಿರುತ್ತದೆ. ಅಳತೆಯ ವಿಧಾನವೂ ಲ್ಯಾಬಿನಿಂದ ಲ್ಯಾಬಿಗೆ ಬೇರೆ. 39 ಮತ್ತು 58 ಒಂದೇ ಮನುಷ್ಯನಿಗೆ ಬಂದದ್ದು ನನಗೇನೂ ವಿಚಿತ್ರ ಅನ್ನಿಸಲಿಲ್ಲ.

ಮೇಣದ ಬತ್ತಿಯ ಚಿತ್ರ ಇನ್ನೂ ಬಿಡದವರಿಗೆ ಪ್ರಯೋಗಾಲಯದ ಇಲಿಯ ವಿಷಯ ಹೇಳುತ್ತೇನೆ. ಅದರ ಟೆಲೊಮಿಯರ್ ನಮ್ಮದಕ್ಕಿಂತ ಎಷ್ಟೋ ಪಟ್ಟು ಉದ್ದ. ಬದುಕುವುದು ಎರಡು ಮೂರು ವರ್ಷ. ಲೀಚ್ಸ್ ಸ್ಟಾರ್ಮ್ ಪೆಟ್ರಲ್ ಅನ್ನುವ ಕಡಲಹಕ್ಕಿಯಲ್ಲಿ ವಯಸ್ಸಾದಷ್ಟೂ ಟೆಲೊಮಿಯರ್ ಉದ್ದವಾಗುವುದನ್ನು ಕಂಡಿದ್ದಾರೆ. ಗಗನಯಾತ್ರಿ ಸ್ಕಾಟ್ ಕೆಲ್ಲಿ 2015–16ರಲ್ಲಿ 340 ದಿನ ಬಾಹ್ಯಾಕಾಶದಲ್ಲಿದ್ದರು. ಅವಳಿ ಅಣ್ಣ ಮಾರ್ಕ್ ಭೂಮಿಯ ಮೇಲಿದ್ದರು. ಅಲ್ಲಿದ್ದಾಗ ಸ್ಕಾಟ್ ಅವರ ಟೆಲೊಮಿಯರ್ ಉದ್ದವಾಯಿತು. ಭೂಮಿಗೆ ಬಂದ ಸುಮಾರು ಎರಡು ದಿನದಲ್ಲೇ ಮತ್ತೆ ಗಿಡ್ಡವಾಯಿತು. ಅವರು ಮೇಲೆ ಹೋಗಿ ಎಳೆಯರಾಗಿ, ಇಳಿದ ಕೂಡಲೇ ಮುದುಕರಾದರು ಅಂತ ಯಾರಾದರೂ ಹೇಳುತ್ತಾರೆಯೇ? ಮಿದುಳಿನ ನರಕೋಶಗಳು, ಹೃದಯದ ಸ್ನಾಯು, ಇವು ವಿಭಜನೆಯಾಗುವುದೇ ಅಪರೂಪ. ಆದರೂ ಅವುಗಳಿಗೂ ವಯಸ್ಸಾಗುತ್ತದೆ. ಅಲ್ಲಿ ಬೇರೆ ಕಾರಣಗಳಿವೆ.

ನ್ಯಾಯವಾಗಿ ಇದನ್ನೂ ಹೇಳಬೇಕು. ಸಾವಿರಾರು ಜನರನ್ನು ಒಟ್ಟಿಗೆ ನೋಡಿದರೆ, ಟೆಲೊಮಿಯರ್ ಗಿಡ್ಡ ಇರುವವರಲ್ಲಿ ಹೃದಯದ ಕಾಯಿಲೆಯಂಥವು ಸ್ವಲ್ಪ ಜಾಸ್ತಿ ಕಾಣುತ್ತವೆ. ಆ ಸ್ವಲ್ಪವನ್ನು ಎದುರಿಗೆ ಕೂತ ಒಬ್ಬರಿಗೆ ಅನ್ವಯಿಸಿ ಇಷ್ಟು ವರ್ಷ ಅಂತ ಹೇಳಲಿಕ್ಕೆ ಬರುವುದಿಲ್ಲ. ಬೀಡಿ ಸಿಗರೇಟು ಸೇದುತ್ತೀರಾ ಅನ್ನುವ ಒಂದು ಪ್ರಶ್ನೆಗೆ ಸಿಗುವ ಉತ್ತರ ಅದಕ್ಕಿಂತ ಎಷ್ಟೋ ಜಾಸ್ತಿ ಹೇಳುತ್ತದೆ.

ರಿಪೋರ್ಟ್‌ನ ಕೊನೆಯ ಪುಟದಲ್ಲಿ ಸಾಮಾನ್ಯವಾಗಿ ಒಂದು ಮಾತ್ರೆಯ ಜಾಹೀರಾತು ಇರುತ್ತದೆ. ಟೆಲೊಮಿಯರ್ ಉದ್ದ ಮಾಡುವುದಂತೆ. ಇದರ ಹಿಂದಿರುವ ವಿಜ್ಞಾನ ನಿಜವಾದದ್ದೇ. ಟೆಲೊಮರೇಸ್ ಅನ್ನುವ ಕಿಣ್ವವನ್ನು ಕ್ಯಾರಲ್ ಗ್ರೈಡರ್ ಅವರು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಅವರ ಪ್ರಯೋಗಾಲಯದಲ್ಲಿ 1984ರ ಕ್ರಿಸ್‌ಮಸ್ ದಿನ ಗುರುತಿಸಿದರು. ಕೊಳದ ನೀರಿನಲ್ಲಿರುವ ಟೆಟ್ರಾಹೈಮೆನಾ ಅನ್ನುವ ಒಂದೇ ಕೋಶದ ಜೀವಿಯಲ್ಲಿ. ಆ ಕಿಣ್ವ ತನ್ನೊಳಗೇ ಒಂದು ಆರ್‌ಎನ್‌ಎ ಅಚ್ಚು ಇಟ್ಟುಕೊಂಡು, ಸವೆದ ತುದಿಗೆ ಅಕ್ಷರ ಜೋಡಿಸುತ್ತದೆ. ಇಬ್ಬರಿಗೂ ಜ್ಯಾಕ್ ಶೋಸ್ಟಾಕ್ ಜೊತೆ 2009ರಲ್ಲಿ ನೊಬೆಲ್ ಬಂತು. 1998ರಲ್ಲಿ ಮನುಷ್ಯನ ಕೋಶಗಳಿಗೆ ಈ ಕಿಣ್ವದ ಜೀನ್ ಹಾಕಿದಾಗ ಅವು ಹೇಫ್ಲಿಕ್ ಮಿತಿ ದಾಟಿ ಬೆಳೆದವು.

ಹಾಗಿದ್ದರೆ ಮೈಯೆಲ್ಲಾ ಯಾಕೆ ಈ ಕಿಣ್ವ ಇಲ್ಲ? ವೀರ್ಯ ತಯಾರಿಸುವ ಕೋಶಗಳಲ್ಲಿ ಇದೆ, ಹೊಸ ಕೋಶ ಹುಟ್ಟಿಸುವ ಸ್ಟೆಮ್ ಸೆಲ್‌ಗಳಲ್ಲಿ ಸ್ವಲ್ಪ ಇದೆ, ಉಳಿದ ಹೆಚ್ಚಿನ ಕೋಶಗಳಲ್ಲಿ ಅದನ್ನು ದೇಹವೇ ಮುಚ್ಚಿಟ್ಟಿದೆ. ಕಾರಣ ಕ್ಯಾನ್ಸರ್. ದಾರಿ ತಪ್ಪಿದ ಕೋಶ ಲೆಕ್ಕವಿಲ್ಲದೆ ವಿಭಜನೆಯಾಗಲು ಹೊರಟರೆ, ಟೆಲೊಮಿಯರ್ ಸವೆದು ಅದು ನಿಲ್ಲಬೇಕು. ನೂರರಲ್ಲಿ 85ರಿಂದ 90 ಕ್ಯಾನ್ಸರ್‌ಗಳು ಈ ಕಿಣ್ವವನ್ನು ಮತ್ತೆ ಎಬ್ಬಿಸಿಕೊಂಡಿರುತ್ತವೆ. ಹುಟ್ಟಿನಿಂದಲೇ ಟೆಲೊಮಿಯರ್ ತೀರಾ ಉದ್ದ ಇರುವ ಕುಟುಂಬಗಳಿವೆ. ಅವರಲ್ಲಿ ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್, ಥೈರಾಯ್ಡ್ ಗಡ್ಡೆ, ರಕ್ತದ ಕೆಲವು ತೊಂದರೆಗಳು ಜಾಸ್ತಿ. ಆ ಮಾತ್ರೆಗಳು ಹೇಳಿದ ಕೆಲಸ ಮಾಡುತ್ತವೆ ಅಂತ ನಾನು ನಂಬುವುದಿಲ್ಲ. ಮಾಡಿದರೆ ಇನ್ನೂ ಹೆದರಿಕೆ.

ಹಾಗಂತ ಪರೀಕ್ಷೆಯೇ ಬೇಡ ಅಂತ ತಿಳಿಯಬೇಡಿ. ಕೆಲವು ವರ್ಷಗಳ ಹಿಂದೆ 23ರ ಹುಡುಗಿಯೊಬ್ಬಳು ಬಂದಿದ್ದಳು. ಪ್ಲೇಟ್‌ಲೆಟ್ ಕಡಿಮೆ, ಹಿಮೋಗ್ಲೋಬಿನ್ ಕಡಿಮೆ, ಅಸ್ಥಿಮಜ್ಜೆ ಬರಿದಾಗುತ್ತಾ ಇತ್ತು. ಕೂದಲಿಗೆ ಬಣ್ಣ ಹಾಕಿದ್ದಳು. ಯಾವಾಗಿನಿಂದ ನರೆ ಅಂದರೆ ಹೈಸ್ಕೂಲಿನಿಂದ ಅಂದಳು, ತಲೆ ತಗ್ಗಿಸಿ. ಉಗುರುಗಳು ಉದ್ದಕ್ಕೆ ಗೆರೆ ಬಿದ್ದು ಸೀಳಿದ್ದವು. ಮನೆಯಲ್ಲಿ ಯಾರಿಗಾದರೂ ಶ್ವಾಸಕೋಶದ ತೊಂದರೆ ಇತ್ತೇ ಅಂತ ಕೇಳಿದೆ. ಸೋದರಮಾವ ಒಬ್ಬರು ಶ್ವಾಸಕೋಶ ಗಟ್ಟಿಯಾಗಿ ತೀರಿಕೊಂಡಿದ್ದರು. ಟೆಲೊಮಿಯರ್ ತೀರಾ ಗಿಡ್ಡವಾಗುವ, ವಂಶದಲ್ಲಿ ಬರುವ ಕಾಯಿಲೆ ಇರಬಹುದು ಅಂತ ಅಲ್ಲಿಗೆ ನನಗೆ ಅನುಮಾನ ಬಂತು.

ಅವಳಿಗೆ ಮಾಡಿಸಿದ ಪರೀಕ್ಷೆ ಬೇರೆ. ಫ್ಲೋ-ಫಿಶ್ ಅಂತ. ಟೆಲೊಮಿಯರ್‌ಗೆ ಹೊಳೆಯುವ ಗುರುತು ಅಂಟಿಸಿ, ಒಂದೊಂದು ಜಾತಿಯ ಬಿಳಿ ರಕ್ತಕಣವನ್ನೂ ಬೇರೆಯಾಗಿ ಅಳೆಯುತ್ತಾರೆ. ಫಲಿತಾಂಶದಲ್ಲಿ ವಯಸ್ಸು ಬರೆಯುವುದಿಲ್ಲ. ಅದೇ ವಯಸ್ಸಿನ ಆರೋಗ್ಯವಂತರ ಸಾಲಿನಲ್ಲಿ ಈ ವ್ಯಕ್ತಿ ಎಲ್ಲಿ ನಿಲ್ಲುತ್ತಾರೆ ಅಂತ ಬರೆಯುತ್ತಾರೆ. ನೂರು ಜನರ ಸಾಲಿನಲ್ಲಿ ಅವಳು ಕೊನೆಯವರಿಗಿಂತಲೂ ಹಿಂದಿದ್ದಳು. ಅಣ್ಣ ಮಜ್ಜೆ ಕೊಡಲು ಸಿದ್ಧವಾಗಿ ಬಂದಿದ್ದ. ಗಟ್ಟಿಮುಟ್ಟಾದ ಹುಡುಗ, ಅವಳಿಗೆ ಹೊಂದಾಣಿಕೆಯೂ ಆಗಿತ್ತು. ಅವನದನ್ನೂ ಅಳೆಸಿದೆವು. ಅವನೂ ಅಲ್ಲೇ ಇದ್ದ. ಅವನ ಮಜ್ಜೆ ಹಾಕಿದ್ದರೆ ಕಸಿ ಹಿಡಿಯದೇ ಹೋಗಬಹುದಿತ್ತು. ಬೇರೆ ದಾನಿಯನ್ನು ಹುಡುಕಿದೆವು. ಇಂಥವರ ಶ್ವಾಸಕೋಶ, ಯಕೃತ್ತು ಕಸಿಗೆ ಮುಂಚಿನ ಕಿಮೋವನ್ನು ತಡೆಯುವುದಿಲ್ಲ, ಹಾಗಾಗಿ ಔಷಧಿಯ ಪ್ರಮಾಣವನ್ನೂ ಇಳಿಸಿದೆವು. "ನನ್ನದು ಯಾಕೆ ಬೇಡ?" ಅಂತ ಆ ಅಣ್ಣ ಹೊರಗೆ ಬೆಂಚಿನ ಮೇಲೆ ಕೂತು ಅತ್ತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವನಿಗೆ ಈಗಲೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡುತ್ತೇವೆ.

ಈ ಕಾಯಿಲೆ ತಲೆಮಾರಿನಿಂದ ತಲೆಮಾರಿಗೆ ಬೇಗ ಬೇಗ ಬರಬಹುದು. ಜೀನಿನ ದೋಷದ ಜೊತೆಗೆ ಗಿಡ್ಡ ಟೆಲೊಮಿಯರ್ ಕೂಡ ಮಕ್ಕಳಿಗೆ ದಾಟುತ್ತದೆ. ಅಜ್ಜನಿಗೆ 60ರಲ್ಲಿ ಶ್ವಾಸಕೋಶ, ಮಗನಿಗೆ 40ರಲ್ಲಿ ಯಕೃತ್ತು, ಮೊಮ್ಮಗಳಿಗೆ 20ರಲ್ಲಿ ಮಜ್ಜೆ. ಒಬ್ಬೊಬ್ಬರೂ ಬೇರೆ ಬೇರೆ ಡಾಕ್ಟರ ಹತ್ತಿರ ಹೋಗಿರುತ್ತಾರೆ, ಯಾರೂ ಮೂರನ್ನೂ ಒಟ್ಟಿಗೆ ನೋಡಿರುವುದಿಲ್ಲ. ಮದ್ಯ ಮುಟ್ಟದವರಿಗೆ ಯಕೃತ್ತು ಗಟ್ಟಿಯಾಗಿತ್ತೇ, ಹದಿಹರೆಯದಲ್ಲೇ ನರೆ ಬಂದಿತ್ತೇ, ಮನೆಯಲ್ಲಿ ಯಾರಿಗಾದರೂ ಕಾರಣ ಗೊತ್ತಾಗದೆ ರಕ್ತ ಕಡಿಮೆಯಾಗಿತ್ತೇ ಅಂತ ನಾನು ಎಲ್ಲರನ್ನೂ ಕೇಳುತ್ತೇನೆ. ನಿಮ್ಮ ಕುಟುಂಬದಲ್ಲಿ ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಇದ್ದರೆ ಆ ಹಳೆಯ ಕಾಗದಗಳನ್ನೆಲ್ಲ ತೆಗೆದುಕೊಂಡು ಹೋಗಿ ನಿಮ್ಮ ವೈದ್ಯರಿಗೆ ತೋರಿಸಿ.

ಮೇಷ್ಟ್ರನ್ನೂ ಇವೇ ಪ್ರಶ್ನೆ ಕೇಳಿದೆ. ಒಂದೂ ಇರಲಿಲ್ಲ. ರಕ್ತದ ಎಣಿಕೆ ಸರಿಯಾಗಿತ್ತು. ಕೊನೆಗೆ ಬಿಪಿ ನೋಡಿದೆ, 158/96. ಹತ್ತು ನಿಮಿಷ ಕೂರಿಸಿ ಮತ್ತೆ ನೋಡಿದೆ, ಹೆಚ್ಚೇನೂ ಇಳಿದಿರಲಿಲ್ಲ. ಕೊನೆಯ ಸಲ ಯಾವಾಗ ನೋಡಿಸಿದ್ದಿರಿ ಅಂದರೆ ಅವರಿಗೆ ನೆನಪಿಲ್ಲ. ನಿದ್ದೆಗೆಟ್ಟದ್ದಕ್ಕೂ ಏರಿರಬಹುದು, ಹಾಗಾಗಿ ಒಂದು ವಾರ ಮನೆಯಲ್ಲಿ ಬೆಳಿಗ್ಗೆ ಸಂಜೆ ನೋಡಿ ಬರೆದುಕೊಂಡು ಬನ್ನಿ ಅಂದೆ. ಯಾವುದರಲ್ಲಿ ಬರೆಯಲಿ ಅಂತ ಚೀಲದಲ್ಲಿ ಹುಡುಕಿದರು. ಆ ರಿಪೋರ್ಟನ್ನೇ ಇಸಿದುಕೊಂಡು, ಹಿಂಬದಿಯ ಖಾಲಿ ಪುಟದಲ್ಲಿ ಏಳು ದಿನಕ್ಕೆ ಗೆರೆ ಎಳೆದು ಕೊಟ್ಟೆ.